ಘಾಟಿಯಲ್ಲಿ ಕೆಂಪು ದೀಪ: ಸ್ಪೋರ್ಟ್ಸ್ ಕಾರಿನ ಆಯಿಲ್ ತೊಂದರೆ ಪತ್ತೆ ಮಾಡುವುದು ಹೇಗೆ

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಹತ್ತಿದರೆ ತುಂಬಾ ಜನ ಮಾಡುವ ತಪ್ಪು ಒಂದೇ. ‘ಆಯಿಲ್ ಕಮ್ಮಿ ಆಗಿರಬೇಕು, ಮೂಡಿಗೆರೆಯಲ್ಲಿ ಒಂದು ಲೀಟರ್ ಹಾಕಿಸೋಣ’ ಅಂತ ಓಡಿಸಿಕೊಂಡೇ ಹೋಗುತ್ತಾರೆ. ಮೂಡಿಗೆರೆ ಬರುವಷ್ಟರಲ್ಲಿ ಎಂಜಿನ್ ಸೀಜ್ ಆಗಿ, ಅಂದರೆ ಒಳಗೇ ಬಿಗಿದುಕೊಂಡು, ನಿಂತುಹೋಗಿರಬಹುದು. ಆ ಕೆಂಪು ದೀಪಕ್ಕೂ ಆಯಿಲ್ ಎಷ್ಟಿದೆ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಎಂಜಿನ್ ಒಳಗೆ ಆಯಿಲ್‌ಗೆ ಒತ್ತಡ ಇಲ್ಲ ಅಂತ ಅದು ಕೂಗಿ ಹೇಳುತ್ತಿದೆ. ಮಟ್ಟ ಇಳಿದಿದೆ ಅಂತ ಹೇಳುವ ದೀಪ ಬೇರೆ ಇರುತ್ತದೆ, ಬಹಳಷ್ಟು ಕಾರುಗಳಲ್ಲಿ ಅದು ಹಳದಿ. ಹಳದಿ ಬಂದರೆ ಮುಂದೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಲು ಸಮಯ ಇದೆ. ಕೆಂಪು ಬಂದರೆ ಇಲ್ಲ. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ನಿಂತ ತಕ್ಷಣ ಎಂಜಿನ್ ಆಫ್ ಮಾಡಬೇಕು. ಇಳಿಜಾರಿನಲ್ಲಿ ಚಲಿಸುತ್ತಿರುವಾಗಲೇ ಆಫ್ ಮಾಡಬೇಡಿ, ಬ್ರೇಕ್ ಮತ್ತು ಸ್ಟೀರಿಂಗ್ ಬಿಗಿಯಾಗುತ್ತವೆ.

ಚಿಕ್ಕಮಗಳೂರು, ಹಾಸನದ ದಾರಿಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯಲು ಕಾರಣ ಇದೆ. ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ಪೋರ್ಶೆ, ಮಸ್ಟ್ಯಾಂಗ್, ಬಿಎಂಡಬ್ಲ್ಯು ಎಂ ಕಾರುಗಳು, ಆಕ್ಟೇವಿಯಾ ಆರ್‌ಎಸ್ ಎಲ್ಲ ಈ ಕಡೆ ಬರುತ್ತವೆ. ನೆಲಮಂಗಲದಿಂದ ಹಾಸನದವರೆಗೆ ಹೆದ್ದಾರಿಯಲ್ಲಿ ಆರಾಮಾಗಿ ಬಂದ ಎಂಜಿನ್, ಮುಳ್ಳಯ್ಯನಗಿರಿ ಹತ್ತುವಾಗ ಒಂದು ಗುಟ್ಟು ಬಿಟ್ಟುಕೊಡುತ್ತದೆ. ಚಾರ್ಮಾಡಿ ಇಳಿಯುವಾಗ ಇನ್ನೊಂದು. ಮಳೆಗಾಲದ ಬೆಳಿಗ್ಗೆ ತೋಟದ ಮನೆ ಮುಂದೆ ಸ್ಟಾರ್ಟ್ ಆಗುವಾಗ ಮತ್ತೊಂದು. ನಾನು ಹೇಳಬೇಕೆಂದಿರುವುದು ಇಷ್ಟು: ಆಯಿಲ್ ತೊಂದರೆಯಲ್ಲಿ ಏನು ಕಾಣಿಸಿತು ಅನ್ನುವುದಕ್ಕಿಂತ ಯಾವಾಗ ಕಾಣಿಸಿತು ಅನ್ನುವುದೇ ಹೆಚ್ಚು ಸುಳಿವು ಕೊಡುತ್ತದೆ. ಹತ್ತುವಾಗಲೋ, ತಿರುವಿನಲ್ಲೋ, ಇಳಿದ ಮೇಲೋ, ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೋ. ಅದನ್ನು ಸರಿಯಾಗಿ ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆ.

ಮೊದಲು ಒತ್ತಡದ ವಿಷಯ ಅರ್ಥ ಮಾಡಿಕೊಳ್ಳೋಣ. ಓಡುತ್ತಿರುವ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತನ್ನನ್ನು ಹೊತ್ತ ಬೇರಿಂಗ್‌ಗೆ ತಾಗಿಕೊಂಡು ತಿರುಗುವುದಿಲ್ಲ. ಎರಡರ ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ಇರುತ್ತದೆ, ಶಾಫ್ಟ್ ಅದರ ಮೇಲೆ ತೇಲುತ್ತದೆ. ಪಂಪ್‌ನ ಕೆಲಸ ಆಯಿಲನ್ನು ತಳ್ಳುವುದು ಅಷ್ಟೇ. ತಳ್ಳಿದ ಆಯಿಲ್ ಈ ಇಕ್ಕಟ್ಟಾದ ಸಂದಿಗಳಲ್ಲಿ ನುಸುಳುವಾಗ ಎದುರಾಗುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಹಾಗಾಗಿ ಒತ್ತಡ ಬೀಳಲು ಕಾರಣಗಳು ಕೆಲವೇ. ಪಂಪ್‌ಗೆ ಆಯಿಲ್ ಸಿಗುತ್ತಿಲ್ಲ. ಪಂಪ್ ಅಥವಾ ಒತ್ತಡ ಮಿತಿ ಮೀರದಂತೆ ತಡೆಯುವ ಅದರ ರಿಲೀಫ್ ವಾಲ್ವ್ ಕೆಟ್ಟಿದೆ. ಆಯಿಲ್ ತೀರಾ ನೀರಾಗಿದೆ. ಇಲ್ಲವೇ ಬೇರಿಂಗ್ ಸವೆದು ಸಂದಿ ಅಗಲವಾಗಿದೆ. ಈ ಕೊನೆಯದು ಎಲ್ಲಕ್ಕಿಂತ ದುಬಾರಿ. ಅದು ಮೊದಲು ಗೊತ್ತಾಗುವುದು ಎಂಜಿನ್ ಚೆನ್ನಾಗಿ ಕಾದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ. ಆಗ ಆಯಿಲ್ ತೆಳುವಾಗಿರುತ್ತದೆ, ಪಂಪ್ ನಿಧಾನವಾಗಿ ತಿರುಗುತ್ತಿರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಎಲ್ಲ ಎಂಜಿನ್‌ಗಳೂ ಒಳ್ಳೆಯ ಒತ್ತಡವನ್ನೇ ತೋರಿಸುತ್ತವೆ. ಅದನ್ನು ನೋಡಿ ಸಮಾಧಾನ ಪಡುವಂತಿಲ್ಲ.

ಹಳೆಯ ಲೆಕ್ಕ ಒಂದಿದೆ: ಕಾದ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸುಮಾರು 10 ಪಿಎಸ್‌ಐ ಒತ್ತಡ ಇರಬೇಕು. ಇದು ಅಂದಾಜು ಮಾತ್ರ. ಈಗಿನ ಹಲವು ಎಂಜಿನ್‌ಗಳಲ್ಲಿ ಇಂಧನ ಉಳಿಸಲೆಂದು ಒತ್ತಡವನ್ನು ಬೇಕೆಂದೇ ಹೆಚ್ಚು ಕಮ್ಮಿ ಮಾಡುವ ಪಂಪ್ ಇರುತ್ತದೆ. ಅಂಥದ್ದಕ್ಕೆ ಕಂಪನಿಯ ಸರ್ವಿಸ್ ಪುಸ್ತಕದ ಅಂಕಿಯೇ ಗತಿ. ಇನ್ನೊಂದು ವಿಷಯ ನೆನಪಿರಲಿ. ಮಾಮೂಲಿ ಕೆಂಪು ದೀಪದ ಸ್ವಿಚ್ ಕೆಲಸ ಮಾಡುವುದು ಒತ್ತಡ ಅರ್ಧ ಬಾರ್‌ನ, ಅಂದರೆ ಸುಮಾರು 7 ಪಿಎಸ್‌ಐನ ಆಸುಪಾಸಿಗೆ ಬಿದ್ದ ಮೇಲೆ. 6000 ಆರ್‌ಪಿಎಂನಲ್ಲಿ ತಿರುಗುತ್ತಿರುವ ಎಂಜಿನ್‌ಗೆ ಅಷ್ಟು ಹೊತ್ತಿಗೆ ಪೆಟ್ಟು ಬಿದ್ದಿರುತ್ತದೆ. ನಿಮ್ಮ ಕಾರಿನಲ್ಲಿ ಒತ್ತಡದ ಮೀಟರ್ ಇದ್ದರೆ ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ದೀಪ ಸುಳ್ಳು ಹೇಳುವುದೂ ಉಂಟು. ಪ್ರೆಷರ್ ಸ್ವಿಚ್ ಸಣ್ಣ ಸಾಮಾನು. ಒಳಗಿಂದ ಸೋರಿ ಅದರ ವೈರ್ ಕನೆಕ್ಟರ್‌ಗೆ ಆಯಿಲ್ ನುಗ್ಗಿರುವುದನ್ನು ಎಷ್ಟೋ ಸಲ ಕಾಣಬಹುದು. ಆದರೆ ‘ಸೆನ್ಸರ್ ಹೋಗಿರುತ್ತೆ ಬಿಡಿ’ ಅನ್ನುವ ಮಾತನ್ನು ಸುಮ್ನೆ ಒಪ್ಪಬೇಡಿ. ಆ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜ್ ಹಾಕಿ, ಎಂಜಿನ್ ಕಾದ ಮೇಲೆ ಐಡಲ್‌ನಲ್ಲೊಮ್ಮೆ, 2000–3000 ಆರ್‌ಪಿಎಂನಲ್ಲೊಮ್ಮೆ ನೋಡಿದರೆ ನಿಜ ಗೊತ್ತಾಗುತ್ತದೆ. ದೊಡ್ಡ ಸ್ಕ್ಯಾನರ್ ಬೇಕಿಲ್ಲ. ಆ ತೂತಿಗೆ ಕೂರುವ ಥ್ರೆಡ್ ಇರುವ ಗೇಜ್ ಇದ್ದರೆ ಹಾಸನದ ಯಾವ ಒಳ್ಳೆಯ ಗ್ಯಾರೇಜಿನಲ್ಲೂ ಆಗುವ ಕೆಲಸ. ಎಂಜಿನ್ ಬಿಚ್ಚುವ ಮಾತು ಬರುವ ಮೊದಲು ಇದನ್ನು ಮಾಡಿಸಲೇಬೇಕು.

ಇನ್ನು ಹತ್ತುವ ದಾರಿ. ಚಿಕ್ಕಮಗಳೂರು ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ ತುದಿ 1,930 ಮೀಟರ್. ರಸ್ತೆ ಕಿರಿದು, ರಜೆ ದಿನ ವಾಹನಗಳ ಸಾಲು ಉದ್ದ. ಸ್ಪೋರ್ಟ್ಸ್ ಕಾರು ಫಸ್ಟ್, ಸೆಕೆಂಡ್ ಗೇರಿನಲ್ಲಿ ತೆವಳುತ್ತದೆ. ಎಂಜಿನ್ ಮೇಲೆ ಹೊರೆ ಜಾಸ್ತಿ, ಆಯಿಲ್ ಕೂಲರ್‌ಗೆ ಬೀಸುವ ಗಾಳಿ ಕಮ್ಮಿ. ಆಯಿಲ್ ಬಿಸಿ 90ರಿಂದ 110 ಡಿಗ್ರಿ ಇದ್ದರೆ ಸಹಜ. ಜೋರಾಗಿ ಓಡಿಸಿದಾಗ 120 ಮುಟ್ಟಿದರೂ ಒಳ್ಳೆಯ ಸಿಂಥೆಟಿಕ್ ಆಯಿಲ್ ತಡೆಯುತ್ತದೆ. 130 ದಾಟಿ ಅಲ್ಲೇ ನಿಂತರೆ ವೇಗ ಇಳಿಸಿ ಎಂಜಿನ್‌ಗೆ ಉಸಿರಾಡಲು ಬಿಡಬೇಕು. ಬಿಸಿ ಏರಿದಂತೆ ಒತ್ತಡ ಸ್ವಲ್ಪ ಇಳಿಯುವುದು ಸಹಜವೇ. ಬಿಸಿ ಮಾಮೂಲಾಗಿಯೇ ಇದ್ದು ಒತ್ತಡ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅದು ಬೇರೆ ಕಥೆ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಒತ್ತಡ ಕಮ್ಮಿ ತೋರಿಸಿದರೆ ದಪ್ಪ ಆಯಿಲ್ ಹಾಕಿಬಿಡುವುದು. 5ಡಬ್ಲ್ಯು-30 ಹೇಳಿರುವ ಎಂಜಿನ್‌ಗೆ 20ಡಬ್ಲ್ಯು-50 ಹಾಕಿದರೆ ಮುಳ್ಳು ಮೇಲೇರುತ್ತದೆ, ನಿಜ. ಆದರೆ ಸವೆದ ಬೇರಿಂಗ್ ಸವೆದೇ ಇರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಆ ದಪ್ಪ ಆಯಿಲ್ ಟರ್ಬೊ, ಟೈಮಿಂಗ್ ಚೈನ್ ಟೆನ್ಷನರ್, ಮೇಲಿನ ಕ್ಯಾಮ್‌ಗಳನ್ನು ತಲುಪುವುದು ತಡವಾಗುತ್ತದೆ. ಹಾಗಂತ ತೆಳು ಆಯಿಲ್ ಒಳ್ಳೆಯದು, ದಪ್ಪ ಕೆಟ್ಟದ್ದು ಅಂತಲ್ಲ. ಬಿಎಂಡಬ್ಲ್ಯು ತನ್ನ ಹಳೆಯ ಎಂ3 ಕಾರುಗಳ ಜೋರಾಗಿ ತಿರುಗುವ ಎಂಜಿನ್‌ಗಳಿಗೆ 10ಡಬ್ಲ್ಯು-60 ಅನ್ನೇ ಹೇಳಿತ್ತು. ಬೇರಿಂಗ್ ಸಂದಿ, ಪಂಪ್, ಆಯಿಲ್ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿ ಎಂಜಿನ್ ಮಾಡಿರುತ್ತಾರೆ. ಡಬ್ಬಿ ಕೊಳ್ಳುವಾಗ ಮುಂದಿನ ಗ್ರೇಡ್ ಅಷ್ಟೇ ನೋಡಿದರೆ ಸಾಲದು. ಹಿಂಬದಿಯಲ್ಲಿ ನಿಮ್ಮ ಕಾರು ಕಂಪನಿಯ ಒಪ್ಪಿಗೆಯ ಸಂಕೇತ ಇದೆಯಾ ನೋಡಿ: ಪೋರ್ಶೆ ಎ40, ಫೋಕ್ಸ್‌ವ್ಯಾಗನ್ 502 00, ಬಿಎಂಡಬ್ಲ್ಯು ಎಲ್‌ಎಲ್-01 ಹೀಗೆ.

ತಿರುವಿನಲ್ಲಿ ಮಾತ್ರ ದೀಪ ಮಿನುಗಿ ನೇರ ರಸ್ತೆಗೆ ಬಂದಾಗ ಆರಿಹೋದರೆ, ಅದು ಸಮಸ್ಯೆ ಇಲ್ಲ ಅಂತಲ್ಲ. ಅದೇ ದೊಡ್ಡ ಸುಳಿವು. ಸಾಮಾನ್ಯ ಕಾರಿನಲ್ಲಿ ಆಯಿಲ್ ಎಂಜಿನ್ ಕೆಳಗಿನ ಚೇಂಬರ್‌ನಲ್ಲಿ, ಅಂದರೆ ಸಂಪ್‌ನಲ್ಲಿ ಇರುತ್ತದೆ. ಪಂಪ್‌ನ ಹೀರುವ ಕೊಳವೆ ಅದರ ತಳದ ಹತ್ತಿರ ಬಾಯಿ ಇಟ್ಟುಕೊಂಡಿರುತ್ತದೆ. ಹಿಡಿತ ಜಾಸ್ತಿ ಇರುವ ಟೈರ್ ಹಾಕಿ ಹೇರ್‌ಪಿನ್ ತಿರುವೊಂದರಲ್ಲಿ ವೇಗವಾಗಿ ತಿರುಗಿಸಿದರೆ ಆಯಿಲ್ ಎಲ್ಲ ಒಂದು ಬದಿಗೆ ನುಗ್ಗುತ್ತದೆ. ಕೊಳವೆ ಬಾಯಿಗೆ ಗಾಳಿ ಸಿಗುತ್ತದೆ. ಬ್ರೇಕ್ ಜೋರಾಗಿ ಹಿಡಿದಾಗ, ಕಡಿದಾದ ಏರಿನಲ್ಲೂ ಇದೇ ಆಗಬಹುದು. ಚೇಂಬರ್ ಒಳಗೆ ತಡೆಗೋಡೆಗಳು ಇರುವುದು ಇದನ್ನು ತಪ್ಪಿಸಲಿಕ್ಕೇ. ಆಯಿಲ್ ಮಟ್ಟ ಅಳೆಯುವ ಕಡ್ಡಿಯ (ಡಿಪ್‌ಸ್ಟಿಕ್) ಮ್ಯಾಕ್ಸ್ ಗೆರೆಯ ಹತ್ತಿರ ಇದ್ದರೆ ಘಾಟಿ ರಸ್ತೆಯ ವೇಗಕ್ಕೆ ಅವು ಸಾಕು. ಮಿನ್ ಗೆರೆ ಹತ್ತಿರ ಇದ್ದರೆ ಸಾಲದು. ಬಹಳ ಕಾರುಗಳಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಪೇಟೆಯಲ್ಲಿ ಓಡಾಡುವವರಿಗೆ ಆ ಒಂದು ಲೀಟರ್ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಶಿರಾಡಿಯ ತಿರುವುಗಳಲ್ಲಿ ಗೊತ್ತಾಗುತ್ತದೆ.

ಮಟ್ಟ ಸರಿ ಇದ್ದರೂ ಒತ್ತಡ ಬೀಳುತ್ತಿದ್ದರೆ ಗಾಡಿ ಕೆಳಗೆ ಮಲಗಿ ನೋಡಬೇಕು. ಇದು ನಮ್ಮ ಕಡೆಯ ದಾರಿಗಳಲ್ಲಿ ತುಂಬಾ ನಡೆಯುವ ಅನಾಹುತ. ಹೋಂಸ್ಟೇಗೆ ಹೋಗುವ ತೋಟದ ದಾರಿಯಲ್ಲಿ ಎದ್ದ ಕಲ್ಲಿಗೆ ಚೇಂಬರ್ ಬಡಿಯುತ್ತದೆ. ಅಲ್ಯುಮಿನಿಯಂ ಚೇಂಬರ್ ಆದರೆ ಸೀಳುತ್ತದೆ, ಆಯಿಲ್ ಸೋರುತ್ತದೆ, ತಕ್ಷಣ ಗೊತ್ತಾಗುತ್ತದೆ. ತಗಡಿನ ಚೇಂಬರ್ ಆದರೆ ಒಳಕ್ಕೆ ಜಜ್ಜಿಕೊಳ್ಳುತ್ತದೆ. ಒಂದು ಹನಿಯೂ ಸೋರುವುದಿಲ್ಲ. ‘ಏನೂ ಆಗಿಲ್ಲ, ದೇವರು ದೊಡ್ಡವನು’ ಅಂತ ಮುಂದೆ ಹೋಗುತ್ತಾರೆ. ಆದರೆ ಹೀರುವ ಕೊಳವೆಯ ಬಾಯಿಗೂ ಚೇಂಬರ್ ತಳಕ್ಕೂ ಇರುವುದೇ ಬೆರಳಿನಷ್ಟೂ ಇಲ್ಲದ ಸಂದಿ. ಜಜ್ಜಿದ ತಗಡು ಆ ಬಾಯಿಯನ್ನು ಅರ್ಧ ಮುಚ್ಚಿದರೆ ಐಡಲ್‌ನಲ್ಲಿ ಒತ್ತಡ ಸರಿ ಇರುತ್ತದೆ, 4000 ಆರ್‌ಪಿಎಂ ದಾಟಿದರೆ ಬೀಳುತ್ತದೆ. ಬೇರಿಂಗ್ ಸವೆತದ ಲಕ್ಷಣಕ್ಕೆ ಇದು ಪೂರಾ ಉಲ್ಟಾ. ಕೊಳವೆಯ ಜಾಲರಿಗೆ ಕೆಸರುಗಟ್ಟಿದ ಹಳೆ ಆಯಿಲ್ ಅಥವಾ ಗ್ಯಾಸ್ಕೆಟ್ ಅಂಟಿನ ಚೂರು ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಕೆಳಗೆ ಪ್ಲಾಸ್ಟಿಕ್ ಕವರ್ ಇರುವ ಕಾರುಗಳಲ್ಲಿ ಪೆಟ್ಟೂ ಸೋರಿಕೆಯೂ ಕಾಣುವುದೇ ಇಲ್ಲ, ಕವರ್ ಬಿಚ್ಚಿಸಿ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು 2016 ಮತ್ತು 2017ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲೇ ನಡೆದಿತ್ತು. ರ್‍ಯಾಲಿ ಕಾರುಗಳು ಅಂಥ ದಾರಿಗೆ ಚೇಂಬರ್ ಕೆಳಗೆ ದಪ್ಪ ಗಾರ್ಡ್ ಕಟ್ಟಿಕೊಂಡು ಬರುತ್ತವೆ. ಶೋರೂಮಿನಿಂದ ಬಂದ ಸ್ಪೋರ್ಟ್ಸ್ ಕಾರಿಗೆ ಆ ರಕ್ಷಣೆ ಇಲ್ಲ.

ಮಟ್ಟ ನೋಡುವುದರಲ್ಲೂ ಎಡವುವುದು ಸುಲಭ. ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ, ಅಲ್ವಾ? ಇಳಿಜಾರಿನಲ್ಲಿ ಕಡ್ಡಿ ಎತ್ತಿ ನೋಡಿದರೆ ಅರ್ಧ ಲೀಟರ್ ಆಚೀಚೆ ತೋರಿಸಬಹುದು. ತೋಟದಲ್ಲಿ ಇದ್ದರೆ ಕಾಫಿ ಒಣಗಿಸುವ ಕಣಕ್ಕೆ ಗಾಡಿ ತನ್ನಿ, ಅಷ್ಟು ಮಟ್ಟಸದ ನೆಲ ಸುತ್ತಮುತ್ತ ಬೇರೆ ಸಿಗಲಿಕ್ಕಿಲ್ಲ. ಎಂಜಿನ್ ಕಾದಿರಲಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಕಡ್ಡಿ ಒರೆಸಿ ಮತ್ತೆ ಹಾಕಿ ನೋಡಿ. ಡ್ರೈ ಸಂಪ್ ಇರುವ ಕಾರುಗಳಿಗೆ ಈ ಕ್ರಮ ನಡೆಯುವುದಿಲ್ಲ. ಪೋರ್ಶೆ 911 ಜಿಟಿ3, ಲ್ಯಾಂಬೋರ್ಗಿನಿ ಹುರಾಕಾನ್‌ನಂಥ ಕಾರುಗಳಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ಅದಕ್ಕೇ ತಿರುವಿನಲ್ಲಿ ಅವು ಹೆದರುವುದಿಲ್ಲ. ಆದರೆ ನಿಂತಲ್ಲೇ ನಿಂತರೆ ಟ್ಯಾಂಕಿನ ಆಯಿಲ್ ಮೆಲ್ಲಗೆ ಎಂಜಿನ್ ಒಳಕ್ಕೆ ಇಳಿಯುತ್ತದೆ, ತಣ್ಣಗಿರುವಾಗ ನೋಡಿದರೆ ಕಮ್ಮಿ ಇದ್ದಂತೆ ಕಾಣಬಹುದು. ಅದನ್ನು ನಂಬಿ ಸುರಿದರೆ ಆಯಿಲ್ ಜಾಸ್ತಿ ಆಗುತ್ತದೆ. ಕಡ್ಡಿಯೇ ಇಲ್ಲದೆ ಪರದೆಯಲ್ಲಿ ಮಟ್ಟ ತೋರಿಸುವ ಕಾರುಗಳೂ ತಮ್ಮದೇ ಶರತ್ತು ಕೇಳುತ್ತವೆ. ಪುಸ್ತಕ ತೆಗೆದು ಓದುವುದೇ ದಾರಿ.

ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಮಟ್ಟ ಮಿತಿ ಮೀರಿದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿಯಿಂದ ಬೇರಿಂಗ್ ಉಳಿಯುವುದಿಲ್ಲ.

ಈಗ ಇಳಿಯುವ ದಾರಿಗೆ ಬರೋಣ. ಆಯಿಲ್ ಸುಡುವ ಎಂಜಿನ್‌ನ ಕಾಯಿಲೆ ಗುರುತಿಸಲು ಘಾಟಿಗಿಂತ ಒಳ್ಳೆಯ ಜಾಗ ಇಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು, ಕಡಿಮೆ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯುತ್ತೇವೆ. ಆಗ ಪೆಟ್ರೋಲ್ ಎಂಜಿನ್‌ನ ಥ್ರಾಟಲ್ ಮುಚ್ಚಿರುತ್ತದೆ, ಗಾಳಿ ಒಳಬರುವ ಮ್ಯಾನಿಫೋಲ್ಡ್‌ನಲ್ಲಿ ಜೋರಾದ ಎಳೆತ ಇರುತ್ತದೆ. ವಾಲ್ವ್ ಸೀಲ್‌ಗಳ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ, ವಾಲ್ವ್ ಗೈಡ್ ಸವೆದಿದ್ದರೆ ಆ ಎಳೆತಕ್ಕೆ ಮೇಲಿನ ಆಯಿಲ್ ಹನಿಹನಿಯಾಗಿ ಸಿಲಿಂಡರ್‌ಗೆ ಇಳಿಯುತ್ತದೆ. ಕೆಳಗೆ ಬಂದು ನೇರ ರಸ್ತೆ ಸಿಕ್ಕಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಗಾಡಿಯವರಿಗೆ ಒಂದು ದೊಡ್ಡ ನೀಲಿ ಹೊಗೆ ಕಾಣುತ್ತದೆ. ಆಮೇಲೆ ಹೊಗೆ ನಿಂತುಬಿಡುತ್ತದೆ. ಓಡಿಸುವವರಿಗೆ ಇದು ಕಾಣುವುದಿಲ್ಲ, ಹಿಂದೆ ಒಬ್ಬ ಸ್ನೇಹಿತರು ಬರುತ್ತಿದ್ದರೆ ನೋಡಲು ಹೇಳಿ.

ಹೊಗೆ ಬರುವ ಹೊತ್ತು ಬದಲಾದರೆ ಕಾರಣವೂ ಬದಲಾಗುತ್ತದೆ. ಹತ್ತುವಾಗ ಎಂಜಿನ್ ಹೊರೆ ಎಳೆಯುತ್ತಿರುವಷ್ಟು ಹೊತ್ತೂ ನೀಲಿ ಹೊಗೆ ಬಿಡುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ) ಮೇಲೆ ಅನುಮಾನ. ಕಂಪ್ರೆಷನ್ ಟೆಸ್ಟ್, ಅದಕ್ಕಿಂತ ಚೆನ್ನಾಗಿ ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಟೆಸ್ಟ್ ಇದನ್ನು ಖಚಿತ ಮಾಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕ್ಷಣ ಹೊತ್ತು ಬಂದು ನಿಂತರೆ ಮತ್ತೆ ವಾಲ್ವ್ ಸೀಲ್. ಪೋರ್ಶೆಯಂಥ ಅಡ್ಡ ಮಲಗಿದ ಸಿಲಿಂಡರ್‌ಗಳ ಎಂಜಿನ್‌ನಲ್ಲಿ ಮಾತ್ರ ನಿಂತಾಗ ಒಂದಿಷ್ಟು ಆಯಿಲ್ ಸಿಲಿಂಡರ್‌ನಲ್ಲಿ ಕೂರುವುದು ಇದ್ದದ್ದೇ, ಅಪರೂಪಕ್ಕೆ ಬರುವ ಹೊಗೆಗೆ ಗಾಬರಿ ಬೇಡ. ಟರ್ಬೊ ಕಾರು ಸಿಗ್ನಲ್‌ನಲ್ಲಿ ನಿಂತಾಗ ಹೊಗೆಯಾಡಿದರೆ ಟರ್ಬೊ ಸೀಲ್ ನೋಡಿ. ಇವೆಲ್ಲಕ್ಕೂ ಮೊದಲು ಅಗ್ಗದ ಅನುಮಾನಿತ ಒಂದಿದೆ: ಎಂಜಿನ್ ಒಳಗಿನ ಆವಿಯನ್ನು ಮತ್ತೆ ಮ್ಯಾನಿಫೋಲ್ಡ್‌ಗೆ ಕಳಿಸುವ ಪಿಸಿವಿ ವಾಲ್ವ್. ಅದರ ರಬ್ಬರ್ ಪೊರೆ ಹರಿದರೆ ಆಯಿಲ್ ನೇರ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ರಿಂಗ್ ಹೋಗಿದೆ ಅಂತ ಎಂಜಿನ್ ಬಿಚ್ಚಿಸುವ ಮೊದಲು ಇದನ್ನು ನೋಡದೆ ಇರುವುದು ತಪ್ಪು.

ಎಷ್ಟು ಆಯಿಲ್ ಕುಡಿದರೆ ತೊಂದರೆ? ಫೋಕ್ಸ್‌ವ್ಯಾಗನ್ ತನ್ನ ಕಾರುಗಳ ಪುಸ್ತಕದಲ್ಲಿ 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಆಗಬಹುದು ಅನ್ನುತ್ತದೆ. ಮಾಜ್ಡಾ ಆರ್‌ಎಕ್ಸ್-8ರ ರೋಟರಿ ಎಂಜಿನ್ ಅಂತೂ ಒಳಗಿನ ಸೀಲ್ ನೆನೆಯಲೆಂದು ಆಯಿಲನ್ನು ಬೇಕೆಂದೇ ಸುಡುತ್ತದೆ. ಹಾಗಾಗಿ ಅಂಕಿಗಿಂತ ಅದು ಬದಲಾಗುವ ರೀತಿ ನೋಡಿ. ಇಷ್ಟು ದಿನ 3000 ಕಿ.ಮೀ.ಗೆ ಅರ್ಧ ಲೀಟರ್ ಕೇಳುತ್ತಿದ್ದ ಎಂಜಿನ್ ಈಗ 1000ಕ್ಕೇ ಕೇಳಿದರೆ ಏನೋ ಆಗಿದೆ. ಹಾಕಿದ ದಿನ, ಓಡಿದ ಕಿಲೋಮೀಟರ್, ಹಾಕಿದ ಪ್ರಮಾಣ ಫೋನಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಮಳೆಗಾಲದಲ್ಲಿ ಈ ಕಡೆ ಎಲ್ಲರನ್ನೂ ಹೆದರಿಸುವ ಒಂದು ದೃಶ್ಯ ಇದೆ. ಆಯಿಲ್ ಹಾಕುವ ಮುಚ್ಚಳ ತೆರೆದರೆ ಒಳಗೆ ಹಾಲು ಹೆಚ್ಚಾದ ಕಾಫಿ ಬಣ್ಣದ ಕೆನೆ. ತಕ್ಷಣ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬ ತೀರ್ಪು, ಅಂದರೆ ಎಂಜಿನ್ ಹೆಡ್ ಕೆಳಗಿನ ಸೀಲ್ ಒಡೆದು ಎಂಜಿನ್ ತಣಿಸುವ ಕೂಲೆಂಟ್ ಆಯಿಲ್‌ಗೆ ಸೇರಿದೆ ಅಂತ. ಸ್ವಲ್ಪ ತಡೆಯಿರಿ. ಜುಲೈ ತಿಂಗಳ ಸಕಲೇಶಪುರದ ತೇವದಲ್ಲಿ, ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಹೋಗಿ ಬರುವ ಕಾರಿನ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ನೀರಾವಿ ಹೊರಹೋಗದೆ ತಣ್ಣಗಿನ ಮುಚ್ಚಳಕ್ಕೆ ಕಟ್ಟಿಕೊಳ್ಳುತ್ತದೆ. ಕಡ್ಡಿ ಎತ್ತಿ ನೋಡಿ. ಕಡ್ಡಿಯ ಮೇಲಿನ ಆಯಿಲ್ ಸ್ವಚ್ಛವಾಗಿದ್ದು, ಕೂಲೆಂಟ್ ಮಟ್ಟ ಇಳಿಯದೆ ಇದ್ದರೆ ಒಂದು ಗಂಟೆ ಚೆನ್ನಾಗಿ ಓಡಿಸಿ ಬನ್ನಿ, ಕೆನೆ ಹೋಗುತ್ತದೆ. ಕಡ್ಡಿಯ ಆಯಿಲೂ ಬಿಳಿಚಿಕೊಂಡಿದ್ದು, ಕೂಲೆಂಟ್ ಪದೇ ಪದೇ ಕಮ್ಮಿಯಾಗುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹೆಡ್ ಗ್ಯಾಸ್ಕೆಟ್ ಅಥವಾ ಕೂಲೆಂಟ್ ಹರಿಯುವ ಆಯಿಲ್ ಕೂಲರ್ ಒಳಗೆ ಸೋರುತ್ತಿರಬಹುದು.

ಹೀಗೆ ಸಣ್ಣ ಓಡಾಟಕ್ಕೇ ಬಳಸುವ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್‌ಗೆ ಚಿಮ್ಮಿಸುವ) ಎಂಜಿನ್‌ಗಳಲ್ಲಿ ಪೆಟ್ರೋಲ್ ಕೂಡ ಆಯಿಲ್‌ಗೆ ಸೇರುತ್ತದೆ. ಆಗ ಮಟ್ಟ ಇಳಿಯುವ ಬದಲು ಏರುತ್ತದೆ. ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ. ‘ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ’ ಅನ್ನುವ ಸಂತೋಷದ ಹಿಂದೆ ಕೆಲವೊಮ್ಮೆ ಇದು ಅಡಗಿರುತ್ತದೆ. ನೀರಾದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ, ಕಿಲೋಮೀಟರ್ ಲೆಕ್ಕ ಮುಗಿಯದಿದ್ದರೂ ಬದಲಾಯಿಸಿ. ತಣ್ಣಗಿನ ಬೆಳಿಗ್ಗೆ ಹೊರಟಾಗ ಕೂಲೆಂಟ್ ಮುಳ್ಳು 90 ಮುಟ್ಟಿದರೂ ಆಯಿಲ್ ಇನ್ನೂ 60ರಲ್ಲಿ ಇರಬಹುದು. ಆಯಿಲ್ 80 ಆಗುವವರೆಗೆ ಎಂಜಿನ್ ಜೋರಾಗಿ ತಿರುಗಿಸಬೇಡಿ.

ಬಣ್ಣ ಕಪ್ಪಾಗಿದೆ ಅಂತ ಆಯಿಲ್ ಕೆಟ್ಟಿದೆ ಅನ್ನಲಾಗದು. ಕಿಲುಬನ್ನು ತನ್ನಲ್ಲಿ ಹಿಡಿದಿಡುವುದು ಅದರ ಕೆಲಸವೇ. ಹೆಚ್ಚು ಮಾತಾಡುವುದು ಫಿಲ್ಟರ್. ಆಯಿಲ್ ಬದಲಾಯಿಸಿದಾಗ ಹಳೆ ಫಿಲ್ಟರ್ ಎಸೆಯಲು ಬಿಡಬೇಡಿ. ಕತ್ತರಿಸಿ ಮಡಿಕೆಯ ಕಾಗದ ಬಿಚ್ಚಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಕಪ್ಪು ಪುಡಿ ಮಾಮೂಲು. ಮಿರಮಿರ ಹೊಳೆಯುವ ಚೂರು ಕಂಡರೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಕಬ್ಬಿಣ: ಕ್ಯಾಮ್, ಚೈನ್, ಪಂಪ್ ಗೇರುಗಳ ಕಡೆ ನೋಡಿ. ಅಂಟದೆ ಬೆಳ್ಳಗೆ ಅಥವಾ ತಾಮ್ರದ ಬಣ್ಣಕ್ಕೆ ಹೊಳೆದರೆ ಪಿಸ್ಟನ್ ಇಲ್ಲವೇ ಬೇರಿಂಗ್. ಚೂರು ಕಣ್ಣಿಗೆ ಬೀಳುವ ಮೊದಲೇ ತಿಳಿಯಬೇಕಾದರೆ ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳಿಸಬಹುದು. ಡ್ರೈನ್ ಮಾಡುವಾಗ ಮೊದಲು ಬಿದ್ದದ್ದನ್ನೂ ಕೊನೆಯದನ್ನೂ ಬಿಟ್ಟು ನಡುವಿನ ಧಾರೆಯಿಂದ ಬಾಟಲಿ ತುಂಬಿ. ವರದಿಯಲ್ಲಿ ಸೀಸ, ತಾಮ್ರ ಏರಿದ್ದರೆ ಬೇರಿಂಗ್. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್. ಸಿಲಿಕಾನ್ ಏರಿದ್ದರೆ ಧೂಳು ಒಳಹೋಗುತ್ತಿದೆ, ಏರ್ ಫಿಲ್ಟರ್ ಸರಿಯಾಗಿ ಕೂತಿಲ್ಲ. ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆ ಧೂಳಿನಲ್ಲಿ ಓಡುವ, ಬೇರೆ ಏರ್ ಫಿಲ್ಟರ್ ಹಾಕಿಸಿರುವ ಕಾರುಗಳವರು ಈ ಕೊನೆಯ ಸಾಲನ್ನು ಮೊದಲು ನೋಡಲಿ. ಒಂದೇ ವರದಿಯಿಂದ ತೀರ್ಮಾನ ಬೇಡ. ಎರಡು ಮೂರು ಸಲ ಮಾಡಿಸಿದಾಗ ಏರುತ್ತಿದೆಯಾ ಅನ್ನುವುದು ಸ್ಪಷ್ಟವಾಗುತ್ತದೆ.

ಕೆಂಪು ದೀಪ ಬಂದು ಘಾಟಿಯಲ್ಲಿ ನಿಂತಿದ್ದೀರಿ, ಫೋನಿಗೆ ಸಿಗ್ನಲ್ ಇಲ್ಲ ಅಂದುಕೊಳ್ಳಿ. ಕೆಳಗೆ ಬಗ್ಗಿ ಸೋರಿಕೆ ನೋಡಿ. ಕಡ್ಡಿ ನೋಡಿ. ಆಯಿಲ್ ಕಮ್ಮಿ ಇದ್ದು, ಸೋರಿಕೆ ಇಲ್ಲದಿದ್ದರೆ, ತುಂಬಿಸಿ ಒಮ್ಮೆ ಸ್ಟಾರ್ಟ್ ಮಾಡಬಹುದು. ಒಂದೆರಡು ಸೆಕೆಂಡಿನಲ್ಲಿ ದೀಪ ಆರಬೇಕು, ಆರದಿದ್ದರೆ ಆಫ್ ಮಾಡಿ. ಕಡ್ಡಿಯಲ್ಲಿ ಆಯಿಲ್ ಸರಿಯಾಗೇ ಇದ್ದು ದೀಪ ಬಂದಿದ್ದರೆ, ಇಲ್ಲವೇ ಒಳಗಿಂದ ಹೊರೆಗೆ ತಕ್ಕಂತೆ ಏರಿಳಿಯುವ ದಪ್ಪನೆಯ ಡಬ್ ಡಬ್ ಸದ್ದು ಕೇಳಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಗಾಡಿಯನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಬರುವವರೆಗೆ ಕಾಯಿರಿ, ಎಷ್ಟೇ ತಡವಾದರೂ ಸರಿ. ಇನ್ನೊಂದು ಕೆಲಸ ಮನೆಯಿಂದ ಹೊರಡುವಾಗಲೇ ಮಾಡಬಹುದು. ನಿಮ್ಮ ಕಾರಿಗೆ ಒಪ್ಪುವ ಆಯಿಲ್ ಒಂದು ಲೀಟರ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಆ ಗ್ರೇಡ್ ಘಾಟಿ ಬದಿಯ ಸಣ್ಣ ಊರಿನ ಅಂಗಡಿಯಲ್ಲಿ ಸಿಗದೆ ಇರಬಹುದು. ಡಿಕ್ಕಿಯಲ್ಲೂ ಆಯಿಲ್ ಇಲ್ಲದೆ ಮಟ್ಟ ಮಿನ್ ಗೆರೆಗಿಂತ ಕೆಳಗೆ ಹೋಗಿದ್ದರೆ ಅಲ್ಲಿ ಸಿಕ್ಕ ಹತ್ತಿರದ ಗ್ರೇಡಿನ ಪೆಟ್ರೋಲ್ ಎಂಜಿನ್ ಆಯಿಲ್ ಹಾಕಿ, ಮೆಲ್ಲಗೆ ಚಿಕ್ಕಮಗಳೂರು ಸೇರಿ, ಪೂರಾ ಬದಲಾಯಿಸಿಬಿಡಿ.